ಕಲ್ಯಾಣದ ಕಾಲು ಪಾಲು

ಅಪ್ಪ ತೀರಿಕೊಂಡಿದ್ದಾನೆ. ಇಬ್ಬರು ಗಂಡುಮಕ್ಕಳು, ಮದುವೆಯಾಗದ ಒಬ್ಬ ಮಗಳು. ಆಸ್ತಿಯನ್ನು ಮೂರು ಭಾಗ ಮಾಡಬೇಕು. ಅದರಲ್ಲಿ ಒಂದು ಭಾಗವನ್ನು ಮತ್ತೆ ನಾಲ್ಕು ತುಂಡು ಮಾಡಿ ಒಂದು ತುಂಡನ್ನು ಹುಡುಗಿಗೆ ಕೊಡಬೇಕು. ಮಿಕ್ಕಿದ್ದನ್ನು ಅಣ್ಣತಮ್ಮಂದಿರು ಸರಿಸಮ ಹಂಚಿಕೊಳ್ಳಬೇಕು. ಆರನೇ ತರಗತಿಯ ಲೆಕ್ಕದ ಪುಸ್ತಕದಂತೆ ಕೇಳುವ ಈ ಮಾತು ‘ಮಿತಾಕ್ಷರ’ದ್ದು. ಇಂದಿನ ಬಸವಕಲ್ಯಾಣ ಬರೀ ‘ಕಲ್ಯಾಣ’ವಾಗಿದ್ದಾಗ, ಆರನೇ ವಿಕ್ರಮಾದಿತ್ಯ (1076–1126) ಅಲ್ಲಿಂದ ಆಳುತ್ತಿದ್ದಾಗ, ಅವನ ಆಸ್ಥಾನದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಅದು. ಇಂಥ ಊರು ಇನ್ನೊಂದಿಲ್ಲ, ಇಂಥ ದೊರೆ ಇನ್ನೊಬ್ಬನಿಲ್ಲ, ತನ್ನಂಥ ಪಂಡಿತನೂ ಇನ್ನೊಬ್ಬನಿಲ್ಲ ಎಂದು ಗ್ರಂಥದ ಕೊನೆಯಲ್ಲಿ ಹೇಳಿಕೊಂಡ ಮನುಷ್ಯ ಆತ. ಹೇಳಿಕೊಳ್ಳಲಿ, ಲೆಕ್ಕವಂತೂ ತಪ್ಪಿಲ್ಲ.

ಹುಡುಗಿಗೆ ಸಿಕ್ಕಿದ್ದು ಮೂರನೇ ಒಂದರ ಕಾಲು, ಅಂದರೆ 1/12. ಉಳಿದದ್ದು 11/12, ಅದರ ಅರ್ಧ, 11/24, ಒಬ್ಬೊಬ್ಬ ಅಣ್ಣನಿಗೆ. ಹಂಚಿಕೆ ಸರಿಯಾಯಿತೋ ಇಲ್ಲವೋ ಎಂದು ತಾಳೆ ನೋಡಲು ಮೂರನ್ನೂ ಕೂಡಿಸಬೇಕು, ಇಡೀ ಒಂದು ಬರಬೇಕು. 11/24, 11/24, 1/12. ಇಲ್ಲಿ ಛೇದ ಬೇರೆಯಾಯಿತು, ನೇರ ಕೂಡಿಸಲು ಬರುವುದಿಲ್ಲ. 1/12ನ್ನು 2/24 ಎಂದು ಬರೆದುಕೊಂಡರೆ 11, 11, 2 ಸೇರಿ 24. ಆಸ್ತಿಯಲ್ಲಿ ಒಂದು ಚೂರೂ ಗಾಳಿಗೆ ಹೋಗಲಿಲ್ಲ.

‘ಕಾಲು’ ಎಂದರೆ ಯಾವುದರ ಕಾಲು ಎಂಬುದೇ ಅಲ್ಲಿಯ ದೊಡ್ಡ ಜಗಳ. ಪ್ರತಿಯೊಬ್ಬ ಅಣ್ಣ ತನ್ನ ಪಾಲಿನ ಕಾಲನ್ನು ತಂಗಿಗೆ ಕೊಡಬೇಕು ಎಂದು ಓದಿದರೆ, ಒಬ್ಬ ಅಣ್ಣನಿಗೆ ನಾಲ್ವರು ತಂಗಿಯರಿದ್ದಾಗ ನಾಲ್ಕು ಕಾಲು ಸೇರಿ ಪೂರ್ತಿ ಒಂದಾಗಿ ಅವನ ಕೈ ಬರಿದಾಗುತ್ತದೆ. ಹತ್ತು ಜನ ಅಣ್ಣಂದಿರಿಗೆ ಒಬ್ಬಳೇ ತಂಗಿಯಾದರೆ ಅವಳಿಗೆ ಇಡೀ ಆಸ್ತಿಯ ಕಾಲು ಬಂದು, ಅಣ್ಣಂದಿರಿಗೆ ತಲಾ 3/40 ಉಳಿಯುತ್ತದೆ. ಇಂಥ ಎಡವಟ್ಟು ತಪ್ಪಿಸಲು ವಿಜ್ಞಾನೇಶ್ವರ ಕಂಡುಕೊಂಡ ದಾರಿ ಸರಳ. ಹುಡುಗಿಯನ್ನೂ ಒಂದು ತಲೆಯಾಗಿ ಎಣಿಸಿ ಆಸ್ತಿಯನ್ನು ಭಾಗಿಸು. ಅವಳ ಜಾಗಕ್ಕೆ ಬಂದ ಭಾಗದ ಕಾಲನ್ನು ಮಾತ್ರ ಅವಳಿಗೆ ಕೊಡು. ಆಗ ಒಬ್ಬ ಅಣ್ಣ, ನಾಲ್ವರು ತಂಗಿಯರ ಮನೆಯಲ್ಲಿ ತಂಗಿಯರಿಗೆ ತಲಾ 1/20, ಅಣ್ಣನಿಗೆ 4/5. ಆ ಕಾಲು ಮದುವೆ ಖರ್ಚಿಗಷ್ಟೇ ಎಂಬ ವಾದವನ್ನೂ ಅವನು ಒಪ್ಪಲಿಲ್ಲ. ಅದು ಪಾಲೇ ಎಂದ. ಹೆಣ್ಣಿಗೆ ಕಾಲೇ ಏಕೆ ಎಂಬ ಪ್ರಶ್ನೆ ಅವನಿಗೆ ಏಳಲಿಲ್ಲ. ಕರ್ನಾಟಕದಲ್ಲಿ ಅದಕ್ಕೆ ಉತ್ತರ ಬಂದದ್ದು ಎರಡು ಕಂತಿನಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 1994ರ ರಾಜ್ಯ ತಿದ್ದುಪಡಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು, 2005ರ ಕೇಂದ್ರ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿಕೊಂಡಿತು.

ಪಾಲು ಸಮವಾದ ಮಾತ್ರಕ್ಕೆ ಲೆಕ್ಕ ಹಗುರಾಗಲಿಲ್ಲ. ಹುಮನಾಬಾದ್ ಕಡೆಯ ಒಂದು ಮನೆತನಕ್ಕೆ 4 ಎಕರೆ 20 ಗುಂಟೆ ಹೊಲ ಇದೆ ಎಂದುಕೊಳ್ಳೋಣ. ನಾಲ್ಕು ಮಕ್ಕಳು, ತಲಾ 1/4. ಅವರಲ್ಲಿ ಒಬ್ಬ ತೀರಿಕೊಂಡು ಅವನ ಹೆಂಡತಿ, ಇಬ್ಬರು ಮಕ್ಕಳಿಗೆ ತಲಾ 1/12 ಹೋಯಿತು. ಹಿರಿಯ ಮಗ ತಂಗಿಯ ಪಾಲನ್ನೂ ತೀರಿಕೊಂಡ ತಮ್ಮನ ಮಗನೊಬ್ಬನ ಪಾಲನ್ನೂ ಕೊಂಡ. ಈಗ ಅವನದು 1/4 + 1/4 + 1/12. ಊರಿನ ಹಿರಿಯರು ಇದನ್ನು ಬಿಡಿಸುವುದು ಛೇದದಿಂದಲ್ಲ, ಗುಂಟೆಯಿಂದ. 40 ಗುಂಟೆಗೆ ಒಂದು ಎಕರೆ. ಇಡೀ ಹೊಲ 180 ಗುಂಟೆ. ಕಾಲು ಪಾಲು 45, ಹನ್ನೆರಡನೇ ಪಾಲು 15. 45, 45, 15 ಕೂಡಿದರೆ 105 ಗುಂಟೆ, ಅಂದರೆ 2 ಎಕರೆ 25 ಗುಂಟೆ. ಶಾಲೆಯ ಉತ್ತರ 7/12. 180ರ 7/12 ಕೂಡ 105. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಮಾಡುವ ಕೆಲಸವನ್ನು ಇಲ್ಲಿ ಗುಂಟೆ ಸದ್ದಿಲ್ಲದೆ ಮಾಡಿ ಮುಗಿಸಿದೆ.

ಆದರೆ ಗುಂಟೆಗೂ ಒಂದು ಬಲೆ ಉಂಟು. ಎಕರೆ, ಗುಂಟೆಗಳ ನಡುವೆ ಒಂದು ಚುಕ್ಕಿ ಇಟ್ಟು ಬರೆಯುವುದು ರೂಢಿ. 1 ಎಕರೆ 25 ಗುಂಟೆ ಕಾಗದದ ಮೇಲೆ 1.25 ಆಗುತ್ತದೆ. ಅಂಥ ಎರಡು ಹೊಲವನ್ನು ಕ್ಯಾಲ್ಕುಲೇಟರಿನಲ್ಲಿ ಕೂಡಿಸಿದರೆ 2.50 ಬರುತ್ತದೆ, ನಿಜವಾಗಿ ಇರುವುದು 3 ಎಕರೆ 10 ಗುಂಟೆ. ಚುಕ್ಕಿಯ ಬಲಗಡೆಯದು ನೂರರಲ್ಲಿ ಭಾಗವಲ್ಲ, ನಲವತ್ತರಲ್ಲಿ ಭಾಗ ಎಂಬುದು ಯಂತ್ರಕ್ಕೆ ಗೊತ್ತಿಲ್ಲ. ಹೊಲಕ್ಕೆ ಹೋಗಿ ಚೈನು ಹಿಡಿದಾಗ ಮಾತ್ರ ಗೊತ್ತಾಗುತ್ತದೆ.

ಬಸವಕಲ್ಯಾಣ, ಹುಮನಾಬಾದ್ ಎರಡೂ ಊರುಗಳ ಮುಸ್ಲಿಂ ಮನೆಗಳಲ್ಲಿ ಹಂಚಿಕೆಯ ಗಣಿತ ಇನ್ನೂ ಬಿಗಿ. ಕುರಾನು ನಿಗದಿ ಮಾಡಿರುವ ಪಾಲುಗಳು ಆರೇ ಆರು: 1/2, 1/4, 1/8, 2/3, 1/3, 1/6. ಯಾವ ಮನೆಯ ಲೆಕ್ಕವೇ ಬರಲಿ, ಈ ಆರಕ್ಕೂ ಹೊಂದುವ ಛೇದ 24. ಹೆಂಡತಿ, ತಾಯಿ, ತಂದೆ, ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ಒಬ್ಬಾತ ತೀರಿಕೊಂಡರೆ ಹೆಂಡತಿಗೆ 1/8, ತಾಯಿತಂದೆಗೆ ತಲಾ 1/6, ಹೆಣ್ಣುಮಕ್ಕಳಿಬ್ಬರಿಗೂ ಸೇರಿ 2/3. ಇಪ್ಪತ್ನಾಲ್ಕರಲ್ಲಿ ಬರೆದರೆ 3, 4, 4, 16. ಒಟ್ಟು 27! ಇಪ್ಪತ್ನಾಲ್ಕು ತುಂಡಿನ ಆಸ್ತಿಗೆ ಇಪ್ಪತ್ತೇಳು ತುಂಡಿನ ಹಕ್ಕು. ಪ್ರವಚನದ ನಡುವೆ ಪೀಠದ ಮೇಲಿದ್ದ ಹಜ್ರತ್ ಅಲಿ ಅವರಿಗೆ ಈ ಪ್ರಶ್ನೆ ಬಂತೆಂದೂ, ಅವರು ಮಾತು ನಿಲ್ಲಿಸದೆ, ಹೆಂಡತಿಯ ಎಂಟನೇ ಒಂದು ಒಂಬತ್ತನೇ ಒಂದಾಯಿತು ಎಂದು ಉತ್ತರಿಸಿ ಮುಂದುವರಿದರೆಂದೂ ಸಂಪ್ರದಾಯ ಹೇಳುತ್ತದೆ. ಛೇದವನ್ನೇ 27 ಮಾಡಿಬಿಟ್ಟರೆ ಎಲ್ಲರ ಪಾಲೂ ಒಂದೇ ಪ್ರಮಾಣದಲ್ಲಿ ತಗ್ಗುತ್ತದೆ. 3/27 ಎಂದರೆ 1/9. ಈ ಕ್ರಮಕ್ಕೆ ‘ಔಲ್’ ಎಂದು ಹೆಸರು. ಒಂದು ಕೂಡಿಸುವ ಲೆಕ್ಕ ಒಂದಕ್ಕಿಂತ ಹೆಚ್ಚಾದರೆ ಏನು ಮಾಡಬೇಕು ಎಂಬುದು ಕಾನೂನಿನ ಪ್ರಶ್ನೆಯಾದ ಇಂಥ ಉದಾಹರಣೆ ಬೇರೆ ಕಡೆ ಸಿಗುವುದು ಅಪರೂಪ.

ಇದೇ ಲೆಕ್ಕವನ್ನು ಶಾಲೆಯ ಇನ್ನೊಂದು ದಾರಿಯಲ್ಲಿ ಮಾಡಿ ನೋಡಬಹುದು. ಛೇದಗಳನ್ನೆಲ್ಲ ಕಣ್ಣುಮುಚ್ಚಿ ಗುಣಿಸುವುದು ಆ ದಾರಿ. 8, 6, 6, 3 ಗುಣಿಸಿದರೆ 864. ಮೊತ್ತ 972/864. ಉತ್ತರ ಸರಿಯೇ, ಆದರೆ ಅದನ್ನು 9/8ಕ್ಕೆ ಇಳಿಸುವಷ್ಟರಲ್ಲಿ ಹುಡುಗರ ಪೆನ್ಸಿಲ್ ಸವೆದಿರುತ್ತದೆ. ಎರಡೇ ಭಿನ್ನರಾಶಿ ಇದ್ದಾಗ ಅಡ್ಡ ಗುಣಾಕಾರ ಬೇಗ ಮುಗಿಯುತ್ತದೆ, ನಾಲ್ಕು ಬಂದರೆ ದಾರಿ ತಪ್ಪುತ್ತದೆ.

864ರ ಬದಲು 24 ಸಾಕು ಎಂದು ಹೇಳಿಕೊಟ್ಟವನನ್ನು ಹುಡುಕಲು ದೂರ ಹೋಗಬೇಕಿಲ್ಲ. ವಿಕ್ರಮಾದಿತ್ಯನ ಮನೆತನದ ಚಾಲುಕ್ಯರು ರಾಜಧಾನಿಯನ್ನು ಕಲ್ಯಾಣಕ್ಕೆ ತಂದದ್ದು ಮಾನ್ಯಖೇಟದಿಂದ, ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ. ಅಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ ಆಳುತ್ತಿದ್ದಾಗ, 850ರ ಸುಮಾರಿಗೆ, ಜೈನ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಛೇದಗಳಲ್ಲಿ ಸಾಮಾನ್ಯವಾಗಿರುವ ಅಪವರ್ತನಗಳನ್ನೂ ಅವುಗಳಿಂದ ಭಾಗಿಸಿ ಬಂದ ಲಬ್ಧಗಳನ್ನೂ ಒಟ್ಟಿಗೆ ಗುಣಿಸು ಎನ್ನುತ್ತಾನೆ. ಬಂದ ಸಂಖ್ಯೆಗೆ ‘ನಿರುದ್ಧ’ ಎಂದು ಹೆಸರಿಡುತ್ತಾನೆ. 6 ಮತ್ತು 8ರಲ್ಲಿ ಸಾಮಾನ್ಯವಾದದ್ದು 2; ಲಬ್ಧ 3 ಮತ್ತು 4; 2 × 3 × 4 = 24. ನಮ್ಮ ಲ.ಸಾ.ಅ. ಇದೇ. ಭಿನ್ನರಾಶಿ ಕೂಡಿಸಲು ಇದನ್ನು ಬಳಸಿದ ಭಾರತೀಯ ಗಣಿತಜ್ಞರಲ್ಲಿ ಮಹಾವೀರನೇ ಮೊದಲಿಗ ಎಂದು ಗಣಿತದ ಇತಿಹಾಸಕಾರರು ಗುರುತಿಸಿದ್ದಾರೆ. ಅವನಿಗಿಂತ ಹಿಂದಿನವರು ಛೇದಗಳನ್ನು ಪರಸ್ಪರ ಗುಣಿಸಿ ಸುಮ್ಮನಾಗುತ್ತಿದ್ದರು. ಗ್ರಂಥ ಅಚ್ಚಾದದ್ದು 1912ರಲ್ಲಿ, ಮದ್ರಾಸಿನಲ್ಲಿ, ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಬಂದದ್ದು 2000ದಲ್ಲಿ. ಕನ್ನಡ ನಾಡಿನಲ್ಲಿ ಹುಟ್ಟಿದ ಪುಸ್ತಕ ಕನ್ನಡಕ್ಕೆ ಬರಲು ಇಷ್ಟು ಕಾಲ ಬೇಕಾಯಿತು.

ಭಿನ್ನರಾಶಿಗಳ ಈ ಇಡೀ ವ್ಯವಹಾರಕ್ಕೆ ಮಹಾವೀರ ಬಳಸುವ ಪದ ‘ಕಲಾಸವರ್ಣ’. ಕಲಾ ಎಂದರೆ ಅಂಶ; ಸವರ್ಣ ಎಂದರೆ ಒಂದೇ ಬಣ್ಣಕ್ಕೆ ತರುವುದು. ಬೇರೆ ಬೇರೆ ಬಣ್ಣದ ತುಂಡುಗಳನ್ನು ಒಂದೇ ಬಣ್ಣದಲ್ಲಿ ಅದ್ದಿ ತೆಗೆದ ಮೇಲೆ ಎಣಿಸುವುದಷ್ಟೇ ಬಾಕಿ. ಅನುಭವ ಮಂಟಪದ ಊರಿನಲ್ಲಿ ‘ಸವರ್ಣ’ ಎಂಬ ಶಬ್ದ ಬೇರೆಯೇ ನೆನಪು ಎಬ್ಬಿಸುತ್ತದೆ, ನಿಜ. ಭಿನ್ನರಾಶಿಗಳನ್ನೂ ಅವನು ಆರು ‘ಜಾತಿ’ಗಳಾಗಿ ವಿಂಗಡಿಸಿದ್ದಾನೆ ಎಂದರೆ ಶರಣರು ಮುಖ ಸಿಂಡರಿಸಿಯಾರು.

ಆ ಆರರಲ್ಲಿ ಎರಡು ಜಾತಿ ಬಸವಕಲ್ಯಾಣದ ಸಂತೆಯಲ್ಲಿ ಈಗಲೂ ಓಡಾಡಿಕೊಂಡಿವೆ. ‘ಭಾಗಾನುಬಂಧ’ ಎಂದರೆ ಪೂರ್ಣಕ್ಕೆ ಭಾಗ ಅಂಟಿಕೊಂಡದ್ದು. ‘ಭಾಗಾಪವಾಹ’ ಎಂದರೆ ಪೂರ್ಣದಿಂದ ಭಾಗ ಕಳೆದದ್ದು. ಇಲ್ಲಿಯ ಒಂದೇ ಬೆಂಚಿನ ಮೇಲೆ ಮನೆಯಲ್ಲಿ ಕನ್ನಡ, ಮರಾಠಿ, ಉರ್ದು ಆಡುವ ಮಕ್ಕಳು ಕೂರುತ್ತಾರೆ. 1¾ ಎಂಬುದು ಕನ್ನಡದ ಹುಡುಗನಿಗೆ ಒಂದೂಮುಕ್ಕಾಲು: ಒಂದು, ಅದಕ್ಕೆ ಮೂರು ಕಾಲು ಅಂಟಿದೆ. ಮರಾಠಿ ಹುಡುಗಿಗೆ ಅದು ‘ಪಾವಣೆ ದೋನ್’, ಉರ್ದುವಿನಲ್ಲಿ ‘ಪೌನೆ ದೋ’: ಎರಡು, ಅದರಲ್ಲಿ ಕಾಲು ಕಡಿಮೆ. 1¾ ಮತ್ತು 1¾ ಕೂಡಿಸು ಎಂದರೆ ಕನ್ನಡದವನು ಒಂದು ಒಂದು ಎರಡು, ಮುಕ್ಕಾಲು ಮುಕ್ಕಾಲು ಒಂದೂವರೆ, ಒಟ್ಟು ಮೂರೂವರೆ ಎನ್ನಬೇಕು. ಪಕ್ಕದವಳು ನಾಲ್ಕರಲ್ಲಿ ಅರ್ಧ ಕಡಿಮೆ ಎಂದು ಒಂದೇ ಜಿಗಿತಕ್ಕೆ ಅಲ್ಲಿಗೆ ಬರುತ್ತಾಳೆ. ಅವಳ ಅಜ್ಜನ ಕಾಲದ ಅಂಕಲಿಪಿಯಲ್ಲಿ ಪಾವಕಿ, ನಿಮಕಿ, ಪಾವಣಕಿ, ಸವಾಯಕಿ, ದೀಡಕಿ, ಅಡೀಚಕಿ ಎಂದು ಕಾಲಿನ, ಅರ್ಧದ, ಮುಕ್ಕಾಲಿನ, ಒಂದೂಕಾಲಿನ, ಒಂದೂವರೆಯ, ಎರಡೂವರೆಯ ಮಗ್ಗಿಗಳೇ ಇದ್ದವು. ಈ ಎರಡು ದಾರಿಗಳನ್ನು ಒಂದೇ ಕರಿಹಲಗೆಯ ಮೇಲೆ ಅಕ್ಕಪಕ್ಕ ಇಡುವ ಅನುಕೂಲ ಬೆಂಗಳೂರಿನ ಶಾಲೆಗಿಂತ ಇಲ್ಲಿಯ ಶಾಲೆಗೆ ಹೆಚ್ಚು. ಪಠ್ಯಪುಸ್ತಕ ಮಾತ್ರ ಎರಡೂ ಕಡೆ ಒಂದೇ.

ಇನ್ನು ರೊಕ್ಕದ ವಿಷಯ. ಹಳೆಯ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅಂದರೆ ರೂಪಾಯಿಯ ಛೇದ 192. ಅರ್ಧ ಎಂಟಾಣೆ, ಕಾಲು ನಾಲ್ಕಾಣೆ, ಎಂಟನೇ ಒಂದು ಎರಡಾಣೆ. ಮೂರನೇ ಒಂದು? 64 ಪೈ, ಅಂದರೆ ಐದಾಣೆ ನಾಲ್ಕು ಪೈ, ಚೂರೂ ಉಳಿಯುವುದಿಲ್ಲ. 1/2 + 1/3 ಎಂಬ ಲೆಕ್ಕ ಆಗಿನ ಅಂಗಡಿಯವನಿಗೆ ಎಂಟಾಣೆಗೆ ಐದಾಣೆ ನಾಲ್ಕು ಪೈ ಸೇರಿಸುವುದು: ಹದಿಮೂರಾಣೆ ನಾಲ್ಕು ಪೈ. 160 ಪೈ, 192ರಲ್ಲಿ 5/6.

ಬೀದರ್ ಸೀಮೆಯವರಿಗೆ ಇದರ ಮೇಲೆ ಇನ್ನೊಂದು ಭಾರವಿತ್ತು. ನಿಜಾಮರ ರಾಜ್ಯದಲ್ಲಿ ನಡೆಯುತ್ತಿದ್ದುದು ಹಾಲಿ ಸಿಕ್ಕಾ. ಪಕ್ಕದ ಸೊಲ್ಲಾಪುರ ಮುಂಬಯಿ ಪ್ರಾಂತ್ಯದ್ದು, ಅಲ್ಲಿ ಬ್ರಿಟಿಷರ ಕಲದಾರ ರೂಪಾಯಿ. ನೂರು ಕಲದಾರಕ್ಕೆ ಹಾಲಿ 116 ರೂಪಾಯಿ 10 ಆಣೆ 8 ಪೈ ಎಂಬ ದರ ನೋಡಿದರೆ ಯಾವನೋ ಗುಮಾಸ್ತ ಕನಸಿನಲ್ಲಿ ಕಂಡ ಅಂಕಿಯಂತಿದೆ. ಪೈಗೆ ಇಳಿಸಿ ನೋಡಿದರೆ ಗುಟ್ಟು ಬಯಲು. 10 ಆಣೆ 8 ಪೈ ಎಂದರೆ 128 ಪೈ, ಸರಿಯಾಗಿ 2/3 ರೂಪಾಯಿ. 116⅔ ಎಂದರೆ ನೂರರ 7/6. ಆರು ಕಲದಾರಕ್ಕೆ ಏಳು ಹಾಲಿ, ಅಷ್ಟೇ. ಒಂದು ಕಲದಾರಕ್ಕೆ ಹಾಲಿ ಒಂದು ರೂಪಾಯಿ ಎರಡಾಣೆ ಎಂಟು ಪೈ. ಎರಡೂ ಕಡೆ ವ್ಯಾಪಾರವಿದ್ದವನು ದಿನಕ್ಕೆ ಎಷ್ಟೋ ಸಲ ಆರನೇ ಒಂದನ್ನು ಕೂಡಿಸಬೇಕಿತ್ತು. ಕಾಲು ಅರ್ಧಗಳ ಜಗತ್ತಿಗೆ ಆರನೇ ಒಂದು ನುಗ್ಗಿದಾಗ ಛೇದ ಎಲ್ಲಿ ಸೇರುತ್ತದೆಂದು ಹುಡುಕಲೇಬೇಕಾಗುತ್ತದೆ. ಪೈಯಲ್ಲಿ ಮೂರು ಅಡಗಿದ್ದರಿಂದ ಲೆಕ್ಕ ಸುಸೂತ್ರ ನಡೆಯಿತು.

1956ರಲ್ಲಿ ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1957ರ ಏಪ್ರಿಲ್ 1ರಂದು ನಯಾಪೈಸೆ ಬಂತು, 1959ಕ್ಕೆ ಹಾಲಿ ಸಿಕ್ಕಾ ಚಲಾವಣೆ ಮುಗಿಯಿತು. ರೂಪಾಯಿಯ ಛೇದ 192 ಹೋಗಿ 100 ಆಯಿತು. ಕೂಡಿಸುವುದು, ಕಳೆಯುವುದು ಎಲ್ಲರಿಗೂ ಸುಲಭವಾಯಿತು. ಇದನ್ನು ಅಲ್ಲಗಳೆದು ಆಣೆ ಕಾಲವೇ ಚೆನ್ನಾಗಿತ್ತು ಎನ್ನುವುದು ಬರೀ ಹಳಹಳಿಕೆ. ಆದರೆ ನೂರು ಮೂರರಿಂದಲೂ ಎಂಟರಿಂದಲೂ ಭಾಗ ಹೋಗುವುದಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಎಲ್ಲರೂ ದಿನಾ ಮಾಡುತ್ತಿದ್ದ ಛೇದದ ಕೆಲಸ ಅಲ್ಲಿಂದ ಎದ್ದು ಶಾಲೆಯೊಳಗೆ ಮಾತ್ರ ಉಳಿಯಿತು. ಹೊರಗೆ ಅದರ ಗುರುತು ಹಿಡಿಯುವವರೇ ಕಡಿಮೆಯಾದರು.

ಶಾಲೆಯಲ್ಲಿ ಏನಾಗುತ್ತದೆ ಎಂಬುದು ಎಲ್ಲ ಮೇಷ್ಟ್ರಿಗೂ ಗೊತ್ತಿದೆ. 1/2 + 1/3 ಬರೆದುಕೊಟ್ಟರೆ ತರಗತಿಯ ಒಂದು ಮೂಲೆಯಿಂದ ತಪ್ಪದೆ 2/5 ಬರುತ್ತದೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಅರ್ಧ ರೊಟ್ಟಿ ಇದ್ದವನಿಗೆ ಇನ್ನಷ್ಟು ಕೊಟ್ಟ ಮೇಲೆ ಅರ್ಧಕ್ಕಿಂತ ಕಡಿಮೆ ರೊಟ್ಟಿ ಉಳಿಯಿತು ಎಂಬುದು ಆ ಉತ್ತರದ ಅರ್ಥ. ಇದು ಬೀದರಿನ ಮಕ್ಕಳ ದಡ್ಡತನವಲ್ಲ. ಅಮೆರಿಕದಲ್ಲಿ 1978ರ ರಾಷ್ಟ್ರೀಯ ಸಮೀಕ್ಷೆಯೊಂದು 12/13 + 7/8 ಯಾವ ಸಂಖ್ಯೆಗೆ ಹತ್ತಿರ ಎಂದು ಹದಿಮೂರರ ಮಕ್ಕಳನ್ನು ಕೇಳಿತು. ಆಯ್ಕೆಗಳು 1, 2, 19, 21. ಎರಡೂ ಹೆಚ್ಚುಕಡಿಮೆ ಒಂದೊಂದು, ಆದ್ದರಿಂದ 2 ಎಂದು ಹೇಳಿದವರು ಶೇಕಡಾ 24 ಮಾತ್ರ. ಹೆಚ್ಚಿನವರು 19ನ್ನೋ 21ನ್ನೋ ಆರಿಸಿದ್ದರು. 2014ರಲ್ಲಿ ಎಂಟನೇ ತರಗತಿಯವರನ್ನು ಅದೇ ಪ್ರಶ್ನೆ ಕೇಳಿದಾಗ ಸರಿ ಹೇಳಿದವರು ಶೇಕಡಾ 27. ಮೂವತ್ತಾರು ವರ್ಷಕ್ಕೆ ಮೂರು ಹೆಜ್ಜೆ.

2/5 ಎಂದ ಮಗುವಿನ ಪರವಾಗಿ ವಕಾಲತ್ತು ವಹಿಸಬೇಕಾದರೆ ಅದರ ಅಂಕಪಟ್ಟಿಯನ್ನೇ ಸಾಕ್ಷಿಗೆ ಕರೆಯಬಹುದು. ಒಂದು ಕಿರುಪರೀಕ್ಷೆಯಲ್ಲಿ 12/15, ಇನ್ನೊಂದರಲ್ಲಿ 7/10. ಒಟ್ಟು? ಅದೇ ಮೇಷ್ಟ್ರು ಅದೇ ಕೆಂಪು ಪೆನ್ನಿನಿಂದ 19/25 ಎಂದು ಬರೆಯುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು! ಭಿನ್ನರಾಶಿಯೆಂದು ಹಿಡಿದು ಕೂಡಿಸಿದರೆ 24/30 + 21/30 = 45/30, ಅಂದರೆ ಒಂದೂವರೆ; ಅಂಕಪಟ್ಟಿಯಲ್ಲಿ ಒಂದೂವರೆ ಬರೆದರೆ ನಗೆಪಾಟಲು. ಅಂಕಗಳಲ್ಲಿ ಎರಡು ಬೇರೆ ಬೇರೆ ಬುಟ್ಟಿಗಳು ಸೇರಿ ದೊಡ್ಡ ಬುಟ್ಟಿಯಾಗುತ್ತದೆ. ರೊಟ್ಟಿಯಲ್ಲಿ ಎರಡು ತುಂಡೂ ಅಳೆಯುವುದು ಒಂದೇ ರೊಟ್ಟಿಯಿಂದ. ಬರೆಯುವ ಗುರುತು ಒಂದೇ, ಅಡ್ಡಗೆರೆಯೂ ಒಂದೇ. ಹೀಗಿರುವಾಗ ಈ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳದೆ 2/5ಕ್ಕೆ ಸೊನ್ನೆ ಹಾಕುವುದು ಅನ್ಯಾಯ. ಇದನ್ನು ಹೇಳುವ ಪಾಠ ಅಪರೂಪ.

ಪಾಠಕ್ಕೆ ರೊಟ್ಟಿಯನ್ನೇ ತರುವುದರಲ್ಲೂ ತೊಡಕಿದೆ. ಜೋಳದ ರೊಟ್ಟಿ ಬಿಸಿಯಿರುವಾಗ ಅರ್ಧಕ್ಕೆ ಮಡಚುತ್ತದೆ, ಮತ್ತೆ ಕಾಲಿಗೆ ಮಡಚುತ್ತದೆ. ಮೂರಕ್ಕೆ ಮಡಚಿದವರನ್ನು ಯಾರೂ ಕಂಡಿಲ್ಲ. ಅದಕ್ಕಿಂತ ಶೇಂಗಾ ಚಿಕ್ಕಿಯ ತಟ್ಟೆ ಅನುಕೂಲ. ಪಾಕ ಹರವಿ, ಆರುವ ಮುನ್ನ ಉದ್ದಕ್ಕೆ ಒಂದು ಗೆರೆ ಎಳೆದರೆ ಎರಡು ಪಟ್ಟಿ. ಅಡ್ಡಕ್ಕೆ ಎರಡು ಗೆರೆ ಎಳೆದರೆ ಮೂರು ಸಾಲು. ಒಟ್ಟು ಆರು ತುಂಡು. ಅರ್ಧ ಬೇಕೆಂದವನಿಗೆ ಮೂರು ತುಂಡು, ಮೂರನೇ ಒಂದು ಬೇಕೆಂದವನಿಗೆ ಎರಡು. ಕೂಡಿ ಐದು ತುಂಡು, ಆರರಲ್ಲಿ. ಮೂಲೆಯಲ್ಲಿ ಉಳಿದ ಒಂದು ತುಂಡಿನ ಮೇಲೆ ಇಡೀ ತರಗತಿಯ ಕಣ್ಣು. 1/4 + 1/6 ಕೊಟ್ಟರೆ ಇದೇ ವಿಧಾನ 24 ತುಂಡು ಮಾಡಿಸುತ್ತದೆ. 12 ಸಾಕಲ್ಲ ಎಂದು ಹುಡುಗರೇ ಗೊಣಗಿದ ಹೊತ್ತು ಲ.ಸಾ.ಅ. ಹೇಳಿಕೊಡಲು ಹದವಾದ ಹೊತ್ತು. ಅಕ್ಷರ ಫೌಂಡೇಶನ್ನಿನ ‘ಗಣಿತ ಕಲಿಕಾ ಆಂದೋಲನ’ದ ಪೆಟ್ಟಿಗೆಯಲ್ಲಿ ಭಿನ್ನರಾಶಿಯ ಪಟ್ಟಿಗಳಿವೆ; ಅವು ಮಾಡುವುದೂ ಇದನ್ನೇ, ತಿನ್ನಲು ಬರುವುದಿಲ್ಲ ಅಷ್ಟೇ. ಪೆಟ್ಟಿಗೆ ಬೀರುವಿನಿಂದ ಹೊರಗೆ ಬರಬೇಕು.

ಬೀರುವಿಲ್ಲದ ಶಾಲೆಯೊಂದು ಹುಮನಾಬಾದಿನ ಹೆದ್ದಾರಿಯ ಬದಿಗಿದೆ. ಪುಣೆಯಿಂದ ಮಚಲಿಪಟ್ಟಣಕ್ಕೆ ಹೋಗುವ 65ನೇ ರಾಷ್ಟ್ರೀಯ ಹೆದ್ದಾರಿ ಊರನ್ನು ಹಾದುಹೋಗುತ್ತದೆ. ಅದರ ಆಜುಬಾಜಿನ ಕಬ್ಬಿಣದಂಗಡಿ, ಬಡಗಿ ಅಂಗಡಿಗಳಲ್ಲಿ ಇಂಚಿನ ಎಂಟನೇ ಒಂದಕ್ಕೆ ‘ಸೂತ್’ ಎನ್ನುತ್ತಾರೆ. ಅರ್ಧ ಇಂಚಿನ ಹಲಗೆಯ ಮೇಲೆ 3/8 ಇಂಚಿನ ಪಟ್ಟಿ ಬಡಿದರೆ ಒಟ್ಟು ದಪ್ಪ ಎಷ್ಟೆಂದು ಕೇಳಿದರೆ ಕೆಲಸದ ಹುಡುಗ ಪೆನ್ಸಿಲನ್ನು ಕಿವಿಯಿಂದ ತೆಗೆಯುವುದೇ ಇಲ್ಲ. ನಾಲ್ಕು ಸೂತ್, ಮೂರು ಸೂತ್, ಏಳು ಸೂತ್. ಮೊಳೆ ಅದಕ್ಕಿಂತ ಗಿಡ್ಡ ಇರಬೇಕು. ಛೇದಕ್ಕೆ ಒಂದು ಹೆಸರಿಟ್ಟಿದ್ದರಿಂದ ಭಿನ್ನರಾಶಿಯೇ ಮಾಯವಾಗಿ ಬರೀ ಎಣಿಕೆ ಉಳಿದಿದೆ. ಆ ಸೂತಿಗೂ ಈಗ ಮೊದಲಿನ ನೆಲೆಯಿಲ್ಲ. ಕಬ್ಬಿಣದ ಸಲಾಕೆ ಬರುವುದು 8, 10, 12 ಮಿಲಿಮೀಟರಿನಲ್ಲಿ. ಮನೆ ಕಟ್ಟಿಸುವವನು ಬಂದು ‘ತೀನ್ ಸೂತ್’ ಸಲಾಕೆ ಕೊಡಿ ಎನ್ನುತ್ತಾನೆ. 3/8 ಇಂಚು ಎಂದರೆ ಒಂಬತ್ತೂವರೆ ಮಿಲಿಮೀಟರಿಗೆ ತುಸು ಮೇಲೆ. ಅಂಗಡಿಯವನು ತೂಕ ಮಾಡಿ, ಬಿಲ್ಲಿನಲ್ಲಿ 10 ಎಂಎಂ ಎಂದು ಬರೆದು ಕೊಡುತ್ತಾನೆ.